ನಮ್ಮ ಚರ್ಚಿನ ಅಯ್ಯನವರು (ಪಾಸ್ಟರ್) ಓದಲು ರಜೆ ಕೇಳಿದ್ದಾರೆ, ಕಮಿಟಿಯಲ್ಲಿ ಗಲಾಟೆ. ನಿಮ್ಮ ಸಭೆಯಲ್ಲಿ ಏನು ಮಾಡುತ್ತೀರಿ?

ಕಾವೇರಿದಡ:
ಎಲ್ಲರಿಗೂ ವಂದನೆ. ನಮ್ಮದು ಮಂಡ್ಯ ಕಡೆಯ ಸಭೆ (ಚರ್ಚ್), ಹೆಸರು ಬೇಡ. ನಾನು ಕಮಿಟಿಯಲ್ಲಿದ್ದೇನೆ. ಹೋದ ವಾರ ನಮ್ಮ ಅಯ್ಯನವರು ಒಂದು ಪತ್ರ ಕೊಟ್ಟರು. ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇದ್ದು ಕಲಿಯುವ ಒಂದು ತರಬೇತಿ ಇದೆಯಂತೆ. ಅದಕ್ಕೆ ಆರು ವಾರ ರಜೆ ಬೇಕು, ಫೀಸಿನಲ್ಲಿ ಅರ್ಧ ಸಭೆ ಕೊಟ್ಟರೆ ಉಳಿದದ್ದು ನಾನೇ ಹಾಕಿಕೊಳ್ಳುತ್ತೇನೆ ಎಂದು ಬರೆದಿದ್ದರು. ಕೇಳಿದ್ದು ಇಷ್ಟೇ.

ಮೀಟಿಂಗ್‌ನಲ್ಲಿ ರಂಪ ಆಗಿಹೋಯಿತು. ಒಬ್ಬ ಹಿರಿಯರು, "ದೇವಜ್ಞಾನದಲ್ಲಿ ಬಿ.ಡಿ. ಪದವಿ ಮಾಡಿಕೊಂಡೇ ಬಂದಿದ್ದಾರಲ್ಲ, ಇನ್ನೇನು ಓದೋದು?" ಎಂದರು. ಇನ್ನೊಬ್ಬರು, "ನಾವು ದುಡ್ಡು ಕೊಟ್ಟು ಓದಿಸೋದು, ಮುಂದಿನ ವರ್ಷ ಟ್ರಾನ್ಸ್‌ಫರ್ ಆಗಿ ಬೇರೆ ಸಭೆಗೆ ಹೋಗೋದು, ನಮಗೇನು ಬಂತು?" ಎಂದರು. ಅದೇ ಮೀಟಿಂಗ್‌ನಲ್ಲಿ ಹೊಸ ಸೌಂಡ್ ಮಿಕ್ಸರ್‌ಗೆ ಒಂದೇ ಒಂದು ಪ್ರಶ್ನೆ ಇಲ್ಲದೆ ದುಡ್ಡು ಪಾಸಾಯಿತು.

ನಿಮ್ಮ ಕಡೆ ಹೇಗೆ? ಓದಲು ರಜೆ ಕೊಡುತ್ತೀರಾ? ದುಡ್ಡು ಯಾರು ಹಾಕುತ್ತಾರೆ? ಆ ಆರು ಭಾನುವಾರ ಪ್ರಸಂಗ (ಬೋಧನೆ) ಯಾರು ಮಾಡುತ್ತಾರೆ?

ಮದ್ದೂರುವಡೆ:
ಮಿಕ್ಸರ್ ಪಾಸು, ಅಯ್ಯನವರು ಫೇಲು. ಚೆನ್ನಾಗಿದೆ ಸಿವಾ.

ಮಂಡಿಮೊಹಲ್ಲಾ:
ಒಂದು ವಿಷಯ ಸರಿಮಾಡಿಕೊಳ್ಳಿ ಅಣ್ಣ. ನಿಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ಆದರೆ ರಜೆ ಕೊಡೋದು ಡಯಾಸಿಸ್, ಅಂದರೆ ಬಿಷಪ್ ಕಚೇರಿ. ಕಮಿಟಿ ಅಭಿಪ್ರಾಯ ಹೇಳಬಹುದು, ಅಷ್ಟೇ. ಟ್ರಾನ್ಸ್‌ಫರ್ ಕೂಡ ಅಯ್ಯನವರ ಕೈಯಲ್ಲಿ ಇರಲ್ಲ. ಅದಕ್ಕೆ ಅವರನ್ನು ಬೈದು ಪ್ರಯೋಜನ ಇಲ್ಲ.

ಕಾವೇರಿದಡ:
ನಿಜ. "ನಿಮ್ಮ ಸಭೆ ಒಪ್ಪಿದರೆ ನಮ್ಮದೇನೂ ಅಡ್ಡಿ ಇಲ್ಲ" ಎಂದು ಅಲ್ಲಿಂದ ಹೇಳಿದ್ದಾರಂತೆ. ಹಾಗಾಗಿ ಚೆಂಡು ನಮ್ಮ ಅಂಗಳಕ್ಕೆ ಬಂದಿದೆ.

ಗದ್ದೆಬಯಲು:
ನಾನು ಆ ಹಿರಿಯರ ಪರ. ಬೈಯಬೇಡಿ, ಕೇಳಿ. ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನ ಏನು ಓದಿದ್ದರು? ಶಾಸ್ತ್ರ ಕಲಿಯದ ಸಾಧಾರಣ ಜನ ಎಂದು ಬೈಬಲಿನ ಅಪೊಸ್ತಲರ ಕೃತ್ಯಗಳು 4ರಲ್ಲಿ ಸ್ಪಷ್ಟವಾಗಿ ಇದೆ. ಮೀನು ಹಿಡಿಯುವವರು ಸಭೆ ಕಟ್ಟಿದರು. ಈಗಿನವರು ಗ್ರೀಕು, ಹೀಬ್ರೂ ಅಂತ ಅರ್ಧ ಗಂಟೆ ಮಾತಾಡುತ್ತಾರೆ. ಹಿಂದಿನ ಬೆಂಚಿನ ಅಜ್ಜಿಗೆ ಏನೂ ತಿಳಿಯಲ್ಲ. ನಮ್ಮ ಹಿಂದಿನ ಅಯ್ಯನವರು ಬಿ.ಡಿ. ಮೇಲಿನ ಎಂ.ಟಿ.ಎಚ್. ಮಾಡಿಕೊಂಡು ಬಂದ ಮೇಲೆ ಅವರ ಪ್ರಸಂಗ ಇನ್ನೂ ಕಷ್ಟ ಆಯಿತು, ಸುಲಭ ಆಗಲಿಲ್ಲ.

ನಿವೃತ್ತಅಯ್ಯ:
ಗದ್ದೆಬಯಲು ಅವರೇ, ಅದೇ ಪುಸ್ತಕದಲ್ಲಿ ಇನ್ನು ಸ್ವಲ್ಪ ಮುಂದೆ ಹೋಗಿ. 18ನೇ ಅಧ್ಯಾಯ. ಅಪೊಲ್ಲೋಸ ದೊಡ್ಡ ವಾಗ್ಮಿ, ಶಾಸ್ತ್ರ ಬಲ್ಲವನು. ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡಿದ. ಕೇಳಿದ ಅಕ್ವಿಲ, ಪ್ರಿಸ್ಕಿಲ್ಲ ಎಲ್ಲರ ಮುಂದೆ ಅವನ ಮಾನ ಕಳೆಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ವಿವರಿಸಿದರು. ಅವರ ಕಸುಬು ಏನು? ಗುಡಾರ ಮಾಡುವುದು. ಓದಿದ ಪ್ರಸಂಗಿ ಗುಡಾರ ಹೊಲಿಯುವ ಗಂಡ ಹೆಂಡತಿಯಿಂದ ಪಾಠ ಹೇಳಿಸಿಕೊಂಡ.

ಪೇತ್ರನ ವಿಷಯವೂ ಅಷ್ಟೇ. ಅವನು ಗುರುವಿನ ಜೊತೆ ಹಗಲು ರಾತ್ರಿ ಇದ್ದು ಕಲಿತವನು. ಅಂಥ ಕೋರ್ಸ್ ಈಗ ಯಾವ ಕಾಲೇಜಿನಲ್ಲೂ ಸಿಗಲ್ಲ!

ಇನ್ನು ಅಪೊಸ್ತಲ ಪೌಲ. ಸೆರೆಯಲ್ಲಿ ಕೂತು, ಸಾವು ಹತ್ತಿರ ಬಂದಿದೆ ಎಂದು ಗೊತ್ತಿದ್ದೂ ತನ್ನ ಶಿಷ್ಯ ತಿಮೊಥೆಯನಿಗೆ ಏನು ಬರೆದ? ಬರುವಾಗ ಆ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಗೊಂಡು ಬಾ, ಮುಖ್ಯವಾಗಿ ಚರ್ಮದ ಕಾಗದಗಳನ್ನು ಮರೀಬೇಡ. ಆ ವಯಸ್ಸಿನಲ್ಲಿ, ಆ ಜಾಗದಲ್ಲಿ!

ಮದ್ದೂರುವಡೆ:
ಅಯ್ಯನವರೇ, ಪೌಲನಿಗೆ ಕಮಿಟಿ ಇರಲಿಲ್ಲ, ಅದಕ್ಕೇ ಪುಸ್ತಕ ತರಿಸಿಕೊಂಡ.

ನಿವೃತ್ತಅಯ್ಯ:
ಅವನ ಜೊತೆ ತಕರಾರು ಮಾಡಿದ ಕೊರಿಂಥ ಸಭೆಯವರು ಇದ್ದರಪ್ಪ. ಸಾಲದಾ?

ಲೆಕ್ಕಪತ್ರ:
ನಾನು ಬೇರೊಂದು ಸಭೆಯ ಖಜಾಂಚಿ. ಮೈಸೂರಲ್ಲೇ, ಹೆಚ್ಚು ಹೇಳಲ್ಲ. ಇಲ್ಲಿ ಎಲ್ಲರೂ ಕಮಿಟಿಯನ್ನು ಬೈಯೋದು ನೋಡಿ ಬರೆಯುತ್ತಿದ್ದೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಲ್ವಾ? ಭಾನುವಾರದ ಕಾಣಿಕೆ ಎಣಿಸಿದಾಗ ಜಾಸ್ತಿ ಹತ್ತು, ಇಪ್ಪತ್ತರ ನೋಟು. ಅದರಲ್ಲಿ ಸಂಬಳ, ಕರೆಂಟು, ಡಯಾಸಿಸ್‌ಗೆ ಕಟ್ಟಬೇಕಾದ ಪಾಲು, ಸುಣ್ಣ ಬಣ್ಣ. ಓದಿಗೆ ಅಂತ ಒಂದು ಬಾಬ್ತು ನಮ್ಮ ಬಜೆಟ್‌ನಲ್ಲೇ ಇಲ್ಲ. ಬಾಬ್ತು ಇಲ್ಲದಿದ್ದರೆ ನಾನು ಎಲ್ಲಿಂದ ಕೊಡಲಿ?

ಮಂಡಿಮೊಹಲ್ಲಾ:
ಹಾಗಾದ್ರೆ ಬಾಬ್ತು ಹಾಕಿ ಸರ್. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಪಾಸ್ಟರ್ ಸೇರುವಾಗಲೇ ಕರಾರಿನಲ್ಲಿ ಬರೆಯುತ್ತಾರೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ವಾರ ಓದಿನ ರಜೆ, ಅದು ಹಬ್ಬದ ರಜೆ ಅಲ್ಲ, ಜೊತೆಗೆ ಓದಿಗೆ ಒಂದಿಷ್ಟು ಭತ್ಯೆ. ಅಲ್ಲಿನ ಸಂಬಳ ನಮ್ಮಲ್ಲಿ ಆಗಲ್ಲ, ಒಪ್ಪುತ್ತೇನೆ. ಆದರೆ ಎರಡು ವಾರ ರಜೆಗೆ ಡಾಲರ್ ಬೇಕಾ?

ಲೆಕ್ಕಪತ್ರ:
ರಜೆಗೆ ಬೇಡ. ಆ ಭಾನುವಾರ ಬರುವ ಅತಿಥಿ ಪ್ರಸಂಗಿಗೆ ಬಸ್ ಚಾರ್ಜು, ಊಟ, ಕವರು. ಅದೂ ದುಡ್ಡೇ.

ಬಿಡಿಓದಿದವಳು:
ಅತಿಥಿ ಪ್ರಸಂಗಿ ಯಾಕೆ ಸರ್? ನನ್ನಂಥವರು ಇದ್ದೇವಲ್ಲ. ನಾನು ಬಿ.ಡಿ. ಮುಗಿಸಿ ಈಗ ಮೈಸೂರಿನ ಒಂದು ಶಾಲೆಯಲ್ಲಿ ನೀತಿಪಾಠ ಹೇಳುತ್ತಿದ್ದೇನೆ. ಸಿಎಸ್‌ಐನಲ್ಲಿ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡಲು ಶುರು ಮಾಡಿದ್ದು 1976ರಲ್ಲಿ. ಇವತ್ತಿಗೂ ಎಷ್ಟೋ ಸಭೆಗಳಲ್ಲಿ ನಮ್ಮನ್ನು ಕರೆಯೋದು ಮಹಿಳಾ ಭಾನುವಾರಕ್ಕೆ ಮಾತ್ರ. ಅಯ್ಯನವರು ಆರು ವಾರ ಓದಲಿ. ಎರಡು ಭಾನುವಾರ ನಿಮ್ಮ ಸಭೆಯ ಲೇ ಪ್ರೀಚರ್‌ಗಳು (ದೀಕ್ಷೆ ಇಲ್ಲದೆ ಪ್ರಸಂಗ ಮಾಡುವವರು), ಒಂದು ಯುವಕರು, ಒಂದು ನಿವೃತ್ತ ಅಯ್ಯನವರು, ಎರಡು ನಮ್ಮಂಥವರು. ಪರಿಶುದ್ಧ ಸಂಸ್ಕಾರ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಇರುವ ಭಾನುವಾರಕ್ಕೆ ಮಾತ್ರ ದೀಕ್ಷೆ ಆದವರನ್ನು ಕರೆಸಿ. ಕವರೇನೂ ಬೇಡ. ಬಸ್ಸು ಹೆಂಗಸರಿಗೆ ಫ್ರೀ ಇದೆ!

ಮದ್ದೂರುವಡೆ:
ಶಕ್ತಿ ಯೋಜನೆಯಿಂದ ದೇವಜ್ಞಾನ. ಅಕ್ಕ, ನಿಮ್ಮ ಮಾತಿಗೆ ಖಜಾಂಚಿಗಳ ಬಾಯಿ ಬಂದ್.

ಲೆಕ್ಕಪತ್ರ:
ಬಂದ್ ಏನೂ ಇಲ್ಲ. ಒಳ್ಳೆ ಸಲಹೆ. ಬರೆದಿಟ್ಟುಕೊಂಡೆ.

ವಾರ್ಡ್‌ಸಿಸ್ಟರ್:
ಮೂಲ ಪ್ರಶ್ನೆಯಲ್ಲಿ ಹೇಳಿದ ತರಬೇತಿ ಬಹುಶಃ ಸಿಪಿಇ ಇರಬೇಕು, ಕ್ಲಿನಿಕಲ್ ಪಾಸ್ಟೊರಲ್ ಎಜುಕೇಷನ್. 1925ರಲ್ಲಿ ಅಮೆರಿಕದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ವಿದ್ಯಾರ್ಥಿಗಳನ್ನು ರೋಗಿಗಳ ಹತ್ತಿರ ಕರೆದುಕೊಂಡು ಹೋಗಿ ಶುರು ಮಾಡಿದ್ದು. ಅವರೇ ಮೊದಲು ಆಸ್ಪತ್ರೆಯಲ್ಲಿ ರೋಗಿಯಾಗಿ ಇದ್ದವರು.

ನಾನು ನರ್ಸ್. ಒಮ್ಮೆ ಇಂಥ ಒಂದು ಗುಂಪಿನಲ್ಲಿ ನಾವು ಇಬ್ಬರು ನರ್ಸ್‌ಗಳು, ಉಳಿದವರು ಪಾಸ್ಟರ್‌ಗಳು. ಅಲ್ಲಿ ಪುಸ್ತಕ ಕಡಿಮೆ. ವಾರ್ಡಿಗೆ ಹೋಗಬೇಕು, ರೋಗಿ ಜೊತೆ ಮಾತಾಡಬೇಕು, ವಾಪಸ್ ಬಂದು ನೆನಪಿನಿಂದ ಅದನ್ನು ಸಾಲು ಸಾಲಾಗಿ ಬರೆಯಬೇಕು. ಅವರು ಏನಂದರು, ನಾನೇನಂದೆ, ಎಲ್ಲಿ ಸುಮ್ಮನಾದೆವು. ಇದಕ್ಕೆ ವರ್ಬಾಟಿಮ್ ಎನ್ನುತ್ತಾರೆ. ಅದನ್ನು ಗುಂಪಿನ ಮುಂದೆ ಓದಬೇಕು.

ಒಬ್ಬ ಪಾಸ್ಟರ್ ಓದಿದ ಪುಟ ನನಗೆ ಈಗಲೂ ಹಾಗೇ ನೆನಪಿದೆ. ಸಕ್ಕರೆ ಕಾಯಿಲೆಯಿಂದ ಒಂದು ಪಾದ ತೆಗೆಸಿಕೊಂಡ ರೈತ. ಆತ ಹೇಳುತ್ತಾನೆ: "ಇನ್ನು ಬದು ಮೇಲೆ ಹೆಂಗ್ ನಡೀಲಿ ಅಯ್ಯಾ?" ಪಾಸ್ಟರ್: "ದೇವರು ದಾರಿ ತೋರಿಸುತ್ತಾನೆ. ಪ್ರಾರ್ಥನೆ ಮಾಡೋಣ." ಆಮೇಲೆ ಪ್ರಾರ್ಥನೆ, ಆಮೆನ್, ಮುಗೀತು. ಹೇಳಿಕೊಡುವವರು ಆ ಸಾಲಿಗೆ ಪೆನ್ಸಿಲ್‌ನಲ್ಲಿ ಗುಂಡು ಹಾಕಿ ಕೇಳಿದರು: "ಅವರು ಬದು ಎಂದರು. ನೀವು ಯಾವ ಬದು, ಎಷ್ಟು ದೂರ, ನೀರು ಯಾರು ಕಟ್ಟುತ್ತಾರೆ ಅಂತ ಯಾಕೆ ಕೇಳಲಿಲ್ಲ? ಅಲ್ಲೇ ಯಾಕೆ ಕಣ್ಣು ಮುಚ್ಚಿದಿರಿ?" ಪಾಸ್ಟರ್ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೆ ಆ ಕಾಲು ನೋಡಲು ಆಗಲಿಲ್ಲ" ಎಂದರು.

ಮಾರನೇ ದಿನ ಅವರು ಮತ್ತೆ ಅದೇ ಬೆಡ್ ಹತ್ತಿರ ಹೋಗಿ ಕುರ್ಚಿ ಎಳೆದುಕೊಂಡು ಕೂತಿದ್ದು ನಾನು ನೋಡಿದೆ. ಇಬ್ಬರೂ ಕಬ್ಬಿನ ವಿಷಯ ಮಾತಾಡುತ್ತಿದ್ದರು. ಇದನ್ನು ಕಲಿಯಲು ಆರು ವಾರ ಜಾಸ್ತಿ ಅಂತೀರಾ?

ಗದ್ದೆಬಯಲು:
ಸಿಸ್ಟರ್, ಇದು ಸರಿ. ಇಂಥ ಓದಿಗೆ ನನ್ನ ತಕರಾರಿಲ್ಲ. ನನ್ನ ಸಿಟ್ಟು ಹೆಸರಿನ ಮುಂದೆ ಪಟ್ಟಿ ಉದ್ದ ಮಾಡಿಕೊಳ್ಳುವ ಓದಿನ ಮೇಲೆ.

ಕರಿಕೋಟು:
ಸಿಸ್ಟರ್, ಒಳ್ಳೆ ಮಾತು, ಆದರೆ ರೋಗಿಯ ಮಾತನ್ನು ಹೀಗೆ ಎಲ್ಲರ ಮುಂದೆ ಹಾಕಬಹುದಾ? ವಕೀಲನ ಬುದ್ಧಿ, ತಪ್ಪು ತಿಳೀಬೇಡಿ.

ವಾರ್ಡ್‌ಸಿಸ್ಟರ್:
ಕೇಳಿದ್ದು ಒಳ್ಳೆಯದಾಯಿತು. ಊರು, ವಯಸ್ಸು, ಆಸ್ಪತ್ರೆ ಯಾವುದೂ ಹೇಳಿಲ್ಲ. ಗುರುತು ಸಿಗುವಂಥ ವಿವರ ಬದಲಾಯಿಸಿದ್ದೇನೆ. ತರಬೇತಿಯಲ್ಲೂ ಅದೇ ನಿಯಮ. ಕಾಗದದ ಮೇಲೆ ರೋಗಿಯ ಹೆಸರು ಬರೆಯುವಂತಿಲ್ಲ. ಗುಂಪಿನ ಮಾತು ಗುಂಪಿನಲ್ಲೇ ಇರಬೇಕು. ನಮ್ಮ ಎಷ್ಟೋ ಸಭೆಗಳಲ್ಲಿ ಒಬ್ಬರು ಅಯ್ಯನವರ ಹತ್ತಿರ ಹೇಳಿಕೊಂಡ ಕಷ್ಟ ಮುಂದಿನ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ "ಪ್ರಾರ್ಥನೆಯ ವಿಷಯ" ಆಗಿ ಬಂದುಬಿಡುತ್ತೆ. ಹೆಸರು, ಮನೆ, ಗಂಡನ ಕುಡಿತ ಎಲ್ಲಾ ಸೇರಿಸಿ. ಅದನ್ನು ನಿಲ್ಲಿಸಲಿಕ್ಕಾದರೂ ಈ ತರಬೇತಿ ಬೇಕು.

ಕರಿಕೋಟು:
ಆ ವಿಷಯಕ್ಕೇ ಬರುತ್ತೇನೆ. ಪಾಸ್ಟರ್‌ಗಳಿಗೆ ಕಲಿಸಬೇಕಾದದ್ದರಲ್ಲಿ ಕಾನೂನು ಅಂತ ಒಂದಿದೆ. ಯಾರೂ ಬಾಯಿ ಬಿಡಲ್ಲ.

ಒಂದು, ಪೋಕ್ಸೋ, 2012ರ ಕಾಯ್ದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಯಾರಿಗೆ ಗೊತ್ತಾದರೂ ಪೊಲೀಸರಿಗೆ ತಿಳಿಸಲೇಬೇಕು, ಸೆಕ್ಷನ್ 19. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಅಯ್ಯನವರು, ಸಂಡೆ ಸ್ಕೂಲ್ ಟೀಚರ್, ಸಭಾ ಹಿರಿಯರು, ಯಾರಿಗೂ ವಿನಾಯಿತಿ ಇಲ್ಲ. "ಮನೆ ಮರ್ಯಾದೆ, ಕೂತು ಮಾತಾಡಿ ಸರಿಮಾಡೋಣ" ಎಂದು ರಾಜಿ ಮಾಡಿಸಿದರೆ ರಾಜಿ ಮಾಡಿಸಿದವರೇ ಸಿಕ್ಕಿಕೊಳ್ಳುತ್ತಾರೆ.

ಎರಡು, ಮದುವೆ. 1872ರ ಕ್ರಿಶ್ಚಿಯನ್ ಮದುವೆ ಕಾಯ್ದೆ ಇನ್ನೂ ನಡೆಯುತ್ತಿದೆ. ಬಿಷಪ್‌ರಿಂದ ದೀಕ್ಷೆ ಪಡೆದವರಿಗೆ ತೊಂದರೆ ಇಲ್ಲ. ಸ್ವತಂತ್ರ ಸಭೆಗಳ ಪಾಸ್ಟರ್‌ಗಳು ಸರ್ಕಾರದಿಂದ ಲೈಸೆನ್ಸ್ ತಗೊಂಡಿರಬೇಕು. ಅಧಿಕಾರ ಇಲ್ಲದವರು ಮಾಡಿಸಿದ ಮದುವೆ ಈ ಕಾಯ್ದೆ ಪ್ರಕಾರ ಊರ್ಜಿತವಲ್ಲ. ಮಾಡಿಸಿದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ, ಸೆಕ್ಷನ್ 68. ಮಂಡ್ಯ, ಮೈಸೂರು ಎರಡೂ ಕಡೆ ಇದು ಗೊತ್ತಿಲ್ಲದ ಪಾಸ್ಟರ್‌ಗಳನ್ನು ನಾನೇ ನೋಡಿದ್ದೇನೆ. ಒಂದು ದಿನದ ತರಗತಿ ಸಾಕು ಇದಕ್ಕೆ.

ಸ್ವತಂತ್ರಸಭೆ_ಮಳವಳ್ಳಿ:
ವಕೀಲರೇ, ಹೆದರಿಸಿಬಿಟ್ಟಿರಿ. ನನ್ನ ಹತ್ತಿರ ಲೈಸೆನ್ಸ್ ಇಲ್ಲ. ಮದುವೆ ಮಾಡಿಸಲ್ಲ, ಹಿರಿಯ ಪಾಸ್ಟರ್ ಒಬ್ಬರನ್ನು ಕರೆಸುತ್ತೇನೆ. ಅವರಿಗೆ ಇದೆ.

ಈ ಚರ್ಚೆಯಲ್ಲಿ ಎಲ್ಲರೂ ಕಮಿಟಿ, ರಜೆ, ಭತ್ಯೆ ಅಂತ ಮಾತಾಡುತ್ತಿದ್ದೀರಿ. ನಮ್ಮಂಥವರಿಗೆ ಅದು ಯಾವುದೂ ಇಲ್ಲ. ವಾರವಿಡೀ ಗೂಡ್ಸ್ ಆಟೋ ಓಡಿಸುತ್ತೇನೆ. ಭಾನುವಾರ ಬಾಡಿಗೆ ಹಾಲ್‌ನಲ್ಲಿ ಆರಾಧನೆ. ಸಂಬಳ ಅಂತ ಇಲ್ಲ, ಸಭೆಯವರು ಕೊಡುವ ದಶಾಂಶ ಕಾಣಿಕೆಯಲ್ಲಿ ಬಾಡಿಗೆ ಕಟ್ಟಿದ ಮೇಲೆ ಉಳಿದರೆ ಉಂಟು. ಪಾಸ್ಟರ್‌ಗಳನ್ನು ತಯಾರು ಮಾಡುವ ಸೆಮಿನರಿಗೆ ಮೂರು ವರ್ಷ ಹೋಗಿ ಕೂರಲು ಆಗುತ್ತಾ? ನಾನು ಓದಿದ್ದು ಟಾಫ್ಟೀಯಲ್ಲಿ. ದೇವಜ್ಞಾನ ಕಲಿಸುವ ಬೆಂಗಳೂರಿನ ಸಂಸ್ಥೆ, 1971ರಿಂದ ಇದೆ. ಮನೆಯಲ್ಲಿ ಓದಬೇಕು, ಗುಂಪಾಗಿ ಸೇರಿದಾಗ ಚರ್ಚೆ. ಇಡೀ ಪದ್ಧತಿ ಶುರುವಾಗಿದ್ದು 1963ರಲ್ಲಿ ಗ್ವಾಟೆಮಾಲಾದಲ್ಲಂತೆ. ಅಲ್ಲೂ ಹಳ್ಳಿ ಪಾಸ್ಟರ್‌ಗಳು ಹೊಲ, ಹೆಂಡತಿ, ಮಕ್ಕಳು ಬಿಟ್ಟು ಪಟ್ಟಣದ ಸೆಮಿನರಿಗೆ ಹೋಗಲು ಆಗುತ್ತಿರಲಿಲ್ಲ. ಅದಕ್ಕೆ ಸೆಮಿನರಿಯೇ ಅವರ ಊರಿಗೆ ಹೋಯಿತು.

ಲೋಡ್‌ಗೆ ಕಾಯುವಾಗ ಆಟೋ ಕ್ಯಾಬಿನ್‌ನಲ್ಲೇ ಓದುತ್ತೇನೆ. ಪುಸ್ತಕದ ಮೇಲೆಲ್ಲಾ ಬೆಲ್ಲದ ಕೈ.

ನಿವೃತ್ತಅಯ್ಯ:
ತಮ್ಮಾ, ನಿನ್ನ ಹತ್ತಿರ ನಾವೆಲ್ಲ ಕಲಿಯಬೇಕು. ನನ್ನ ಬಳಿ ಕನ್ನಡದ ವ್ಯಾಖ್ಯಾನ ಪುಸ್ತಕಗಳು ಇವೆ, ಬೀರು ತುಂಬ. ಮಕ್ಕಳು ಓದಲ್ಲ. ಯಾವಾಗಲಾದರೂ ಮೈಸೂರಿಗೆ ಲೋಡ್ ತಂದರೆ ಮೆಸೇಜ್ ಮಾಡು, ವಿಳಾಸ ಕೊಡುತ್ತೇನೆ.

ಸ್ವತಂತ್ರಸಭೆ_ಮಳವಳ್ಳಿ:
ಖಂಡಿತ ಬರುತ್ತೇನೆ ಅಯ್ಯನವರೇ. ಬೀರು ಸಮೇತ ಕೊಟ್ಟರೂ ಗಾಡಿ ಇದೆ.

ಸಕ್ಕರೆನಾಡು:
ಟಾಪಿಕ್ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ನಮ್ಮ ಪಾಸ್ಟರ್ ಬೆಂಗಳೂರಿಗೆ ಸೆಮಿನಾರ್‌ಗೆ ಬೈಕಲ್ಲಿ ಹೋಗುತ್ತಿದ್ದರು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್ ಬಿಡಲ್ಲ. ಸರ್ವೀಸ್ ರೋಡಲ್ಲಿ ಪ್ರತಿ ಊರೂ ಸುತ್ತಿಕೊಂಡು ಹೋಗೋ ಹೊತ್ತಿಗೆ ಮೊದಲ ತರಗತಿ ಮುಗಿದಿರುತ್ತೆ. ಮಂಡ್ಯದಲ್ಲೋ ಮೈಸೂರಲ್ಲೋ ಇಂಥದ್ದು ಯಾಕೆ ಇಡಲ್ಲ?

ಮದ್ದೂರುವಡೆ:
ರೈಲಲ್ಲಿ ಹೋಗೋಕೆ ಹೇಳಿ. ಮದ್ದೂರಲ್ಲಿ ವಡೇನೂ ಸಿಗುತ್ತೆ.

ಚಾಮುಂಡಿತಪ್ಪಲು:
ಮೈಸೂರಲ್ಲಿ ಇಲ್ಲ ಅನ್ನಬೇಡಿ. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಕ್ರೈಸ್ತ ಧರ್ಮ ಅಧ್ಯಯನ ವಿಭಾಗ ಇದೆ. ಅದನ್ನು ಕಟ್ಟಿದವರು ಫಾದರ್ ಅಮಲೋರ್‌ಪವದಾಸ್. ಬೆಂಗಳೂರಿನ ಎನ್‌ಬಿಸಿಎಲ್‌ಸಿ (ಕ್ಯಾಥೊಲಿಕರ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ, ಆರಾಧನಾ ಕೇಂದ್ರ) ಶುರುಮಾಡಿದವರೂ ಅವರೇ, 1967ರಲ್ಲಿ. ಚಾಮುಂಡಿ ಬೆಟ್ಟದ ತಪ್ಪಲಿನ ಅಂಜಲಿ ಆಶ್ರಮ ಕೂಡ ಅವರದೇ. ನಾನು ಕ್ಯಾಥೊಲಿಕ್, ಆದರೆ ಆಶ್ರಮಕ್ಕೆ ಎಲ್ಲ ಸಭೆಯವರೂ ಬರುವುದನ್ನು ನೋಡಿದ್ದೇನೆ. ಸುಮ್ನೆ ಕೂತು ಬರಲಿಕ್ಕಾದರೂ ಹೋಗಬಹುದು.

ನಮ್ಮಲ್ಲಿ ಓದು ಗುರುಗಳ (ಪಾದ್ರಿಗಳ) ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ. ದೀಕ್ಷೆ ಆದ ಮೇಲೂ ಓದು ಮುಂದುವರಿಸಬೇಕು ಎಂದು 1983ರ ಧರ್ಮಸಭೆಯ ಕಾನೂನಿನಲ್ಲೇ ಇದೆ, 279ನೇ ವಿಧಿ. 1992ರಲ್ಲಿ ಎರಡನೇ ಜಾನ್ ಪೌಲ್ ಪೋಪ್ ಗುರುಗಳ ತರಬೇತಿ ಬಗ್ಗೆ ಹೊರಡಿಸಿದ ಪತ್ರದಲ್ಲಿ ಒಂದು ಪೂರ್ತಿ ಅಧ್ಯಾಯ ಇದಕ್ಕೇ ಮೀಸಲು.

ಪಾಸ್ಟರಮ್ಮ:
ತುಂಬಾ ಹೊತ್ತಿನಿಂದ ಓದುತ್ತಿದ್ದೆ, ಬರೆಯಬೇಕೋ ಬೇಡವೋ ಅಂತ. ನಾನು ಒಬ್ಬ ಸಭಾಪಾಲಕರ ಹೆಂಡತಿ. ಮಂಡ್ಯ ಜಿಲ್ಲೆಯ ಮೂರು ಸಭೆ ನೋಡಿಯಾಯಿತು.

ಕೋರ್ಸ್ ಆಮೇಲೆ. ಮೊದಲು ಮನುಷ್ಯ ನಿದ್ದೆ ಮಾಡಲಿ. ಸೋಮವಾರ ಅವರಿಗೆ ರಜೆ ಎಂದು ಕಾಗದದ ಮೇಲೆ ಇದೆ. ಸೋಮವಾರ ಬೆಳಗ್ಗೆಯೇ ಗೇಟು ಅಲ್ಲಾಡಿಸುತ್ತಾರೆ, ಮಗುವಿನ ಸ್ಕೂಲ್ ಅಡ್ಮಿಷನ್‌ಗೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಇವತ್ತೇ ಬೇಕು ಅಂತ. ರಾತ್ರಿ ಹನ್ನೊಂದಕ್ಕೆ ಫೋನ್, ಸಮಾಧಿ ಜಾಗದ ತಕರಾರು. ಹಬ್ಬದ ತಿಂಗಳಲ್ಲಿ ಮನೆ ಮನೆ ಕ್ಯಾರಲ್ ಮುಗಿಸಿ ಬಂದು ಗಂಟಲು ಕಟ್ಟಿ ಮಾತೇ ಬರಲ್ಲ. ಪ್ರಸಂಗಕ್ಕೆ ಕೂರೋದು ಶನಿವಾರ ರಾತ್ರಿ. ಹೊಸದೇನಾದರೂ ಓದು ಎಂದರೆ ಯಾವಾಗ ಓದಲಿ?

ಬೈಬಲಿನ ಪ್ರವಾದಿ ಎಲೀಯನ ಕಥೆ ಎಲ್ಲ ಪಾಸ್ಟರ್‌ಗಳೂ ಪ್ರಸಂಗ ಮಾಡುತ್ತಾರೆ. ಸಾಕು ದೇವರೇ, ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಮಲಗಿದ. ದೂತ ಬಂದು ಅವನಿಗೆ ಪಾಠ ಹೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೇ ಸಲವೂ ಊಟ ಕೊಟ್ಟ. ಮಾತು ಆಮೇಲೆ ಬಂತು.

ನಮ್ಮ ಮನೆಯವರು ಒಂದು ವರ್ಷ ಸರಿಯಾಗಿ ಊಟ, ನಿದ್ದೆ ಇಲ್ಲದೆ ಒಣಗಿಹೋಗಿದ್ದರು. ಸಭೆಯವರು "ಅಯ್ಯನವರ ಪ್ರಸಂಗದಲ್ಲಿ ಅಭಿಷೇಕ ಕಡಿಮೆ ಆಗಿದೆ", ಅಂದರೆ ದೇವರ ಆತ್ಮದ ಬಲ ಇಲ್ಲ, ಎಂದು ಮಾತಾಡಿಕೊಂಡರು.

ವಾರ್ಡ್‌ಸಿಸ್ಟರ್:
ಅಕ್ಕಾ, ಕೇಳಿ ಬೇಜಾರಾಯಿತು. ಈಗ ಹೇಗಿದ್ದಾರೆ? ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ 14416, ಟೆಲಿ ಮಾನಸ್. ಸರ್ಕಾರದ್ದು, 2022ರಲ್ಲಿ ಶುರುವಾಯಿತು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಾಸ್ಟರ್ ಅಂತ ಹೇಳಿಕೊಳ್ಳಲೂ ಬೇಕಾಗಿಲ್ಲ.

ಪಾಸ್ಟರಮ್ಮ:
ಈಗ ಪರವಾಗಿಲ್ಲಮ್ಮ. ಒಬ್ಬ ಡಾಕ್ಟರ್ ಹತ್ತಿರ ಹೋದರು, ಸಭೆಗೆ ಗೊತ್ತಾಗದ ಹಾಗೆ. ಪಾಸ್ಟರ್‌ಗೆ ಮನಸ್ಸಿನ ಡಾಕ್ಟರ್ ಎಂದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ ನೋಡಿ. ನಂಬರ್ ಬರೆದುಕೊಂಡೆ.

ಗದ್ದೆಬಯಲು:
ಅಮ್ಮನವರೇ, "ಅಭಿಷೇಕ ಕಡಿಮೆ" ಎಂಬ ಮಾತು ನಮ್ಮ ಸಭೆಯಲ್ಲೂ ಕೇಳಿದ್ದೇನೆ. ಇನ್ನು ಮುಂದೆ ಯಾರಾದರೂ ಅಂದರೆ ಸುಮ್ಮನೆ ಬಿಡಲ್ಲ.

ನಿವೃತ್ತಅಯ್ಯ:
ಅಮ್ಮಾ, ನೀವು ಹೇಳಿದ್ದು ನೂರಕ್ಕೆ ನೂರು. ಸಭೆಗೆಲ್ಲ ಪಾಲಕ ಇದ್ದಾನೆ, ಪಾಲಕನಿಗೆ ಯಾರೂ ಇಲ್ಲ.

ನಾವು ಮೈಸೂರಲ್ಲಿ ನಾಲ್ಕೈದು ಪಾಸ್ಟರ್‌ಗಳು ತಿಂಗಳಿಗೊಮ್ಮೆ ಸೇರುತ್ತಿದ್ದೆವು. ಸಿಎಸ್‌ಐ, ಮೆಥಡಿಸ್ಟ್, ಒಬ್ಬರು ಪೆಂಟೆಕೋಸ್ಟ್, ಆಗಾಗ ಒಬ್ಬ ಫಾದರ್. ಒಂದು ಪುಸ್ತಕ, ಒಂದು ಫ್ಲಾಸ್ಕ್ ಕಾಫಿ. ನಿಯಮ ಎರಡೇ. ಟ್ರಾನ್ಸ್‌ಫರ್ ಸುದ್ದಿ ಮಾತಾಡುವಂತಿಲ್ಲ, ಕಮಿಟಿ ಸುದ್ದಿ ಮಾತಾಡುವಂತಿಲ್ಲ. ಮೀರಿದವರು ಮುಂದಿನ ಸಲ ಬೋಂಡಾ ತರಬೇಕು. ಮೊದಲ ವರ್ಷ ಎಲ್ಲರೂ ಬೋಂಡಾ ತಂದೇ ತಂದರು! ಆಮೇಲೆ ಆಮೇಲೆ ನಿಜವಾದ ಮಾತು ಶುರುವಾಯಿತು. ಪೆಂಟೆಕೋಸ್ಟ್ ಪಾಸ್ಟರ್‌ಗೆ ಮಗನ ಚಿಂತೆ, ಒಬ್ಬರಿಗೆ ಸಾಲ, ನನಗೆ ಪ್ರಾರ್ಥನೆಯೇ ಬಾರದಂಥ ಕೆಲವು ತಿಂಗಳು. ವಚನಗಳನ್ನೂ ಓದಿದೆವು, ದಿನಪತ್ರಿಕೆಯ ಸಂಪಾದಕೀಯವನ್ನೂ ಓದಿದೆವು. ಖರ್ಚು ಕಾಫಿ ಪುಡಿ. ಸರ್ಟಿಫಿಕೇಟ್ ಇಲ್ಲ, ಯಾರೂ ಕೇಳಲೂ ಇಲ್ಲ.

ಸಕ್ಕರೆನಾಡು:
ಸರ್ಟಿಫಿಕೇಟ್ ಎಂದಾಗ ನೆನಪಾಯಿತು. ನಮ್ಮ ಪಕ್ಕದ ಬೀದಿಯ ಪಾಸ್ಟರ್ ಹೋದ ತಿಂಗಳು "ಡಾಕ್ಟರ್" ಆದರು. ದೊಡ್ಡ ಫ್ಲೆಕ್ಸ್. ಕಪ್ಪು ಗೌನು, ತಲೆ ಮೇಲೆ ಟೋಪಿ, ಹಿಂದೆ ಯಾವುದೋ ವಿದೇಶಿ ಯೂನಿವರ್ಸಿಟಿ ಹೆಸರು. ಹೋಟೆಲ್ ಹಾಲ್‌ನಲ್ಲಿ ಕೊಟ್ಟರಂತೆ. ಎಷ್ಟು ಕಟ್ಟಿದರು ಎಂದು ಅವರ ತಮ್ಮನೇ ಹೇಳಿದ.

ಬಿಡಿಓದಿದವಳು:
ಆ ವ್ಯಾಪಾರ ಜೋರಾಗಿದೆ. ನಮ್ಮ ದೇಶದಲ್ಲಿ ಪದವಿ ಕೊಡುವ ಹಕ್ಕು ಕಾನೂನಿನಿಂದ ಬರಬೇಕು, 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ನೋಡಿ. ಬಂಗಾಳದ ಸೆರಾಂಪುರ ಕಾಲೇಜಿಗೆ ಆ ಹಕ್ಕು ಬಂದ ರೀತಿ ನೋಡಿ. 1818ರಲ್ಲಿ ಕಾಲೇಜು ಶುರು, 1827ರಲ್ಲಿ ಡೆನ್ಮಾರ್ಕ್ ರಾಜನ ಸನ್ನದು, 1918ರಲ್ಲಿ ಅದಕ್ಕೇ ಪ್ರತ್ಯೇಕ ಕಾಯ್ದೆ. ಬೆಂಗಳೂರಿನ ಯುಟಿಸಿ (ಯುನೈಟೆಡ್ ಥಿಯಲಾಜಿಕಲ್ ಕಾಲೇಜು), ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಎರಡರ ಪದವಿಗಳೂ ಸೆರಾಂಪುರದ ಸೆನೆಟ್‌ನಿಂದಲೇ ಬರೋದು. ಸೇವೆಯಲ್ಲಿದ್ದುಕೊಂಡೇ ಮುಂದೆ ಓದುವವರಿಗೆ ಡಿ.ಮಿನ್. (ಡಾಕ್ಟರ್ ಆಫ್ ಮಿನಿಸ್ಟ್ರಿ) ಇದೆ. ಸಭೆಯ ಸಾಮಾನ್ಯ ಜನಕ್ಕೆ ಮನೆಯಿಂದಲೇ ಓದುವ ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಕೂಡ ಇದೆ.

ಚಾಮುಂಡಿತಪ್ಪಲು:
ಗೌರವ ಡಾಕ್ಟರೇಟ್ ಎಲ್ಲವೂ ಕೆಟ್ಟದ್ದಲ್ಲ ಬಿಡಿ. ಕಿಟ್ಟೆಲ್‌ಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಕೊಟ್ಟಿತ್ತು.

ಬಿಡಿಓದಿದವಳು:
ಹೌದು, ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಅಚ್ಚಾದ ಮೇಲೆ. ಆ ಫ್ಲೆಕ್ಸ್ ಪಾಸ್ಟರ್ 70 ಪದ ಬರೆಯಲಿ, ನಾನೇ ಹೋಗಿ ಹಾರ ಹಾಕುತ್ತೇನೆ.

ಮದ್ದೂರುವಡೆ:
ಫ್ಲೆಕ್ಸ್‌ನಲ್ಲಿ ಏಳೆಂಟು ಪದ ಇರುತ್ತೆ ಅಕ್ಕ. ಅದರಲ್ಲೂ ಎರಡು ಕಾಗುಣಿತ ತಪ್ಪು.

ಕೀಬೋರ್ಡ್:
ಕನ್ನಡ ಎಂದಾಗ ನನ್ನದೂ ಒಂದು. ಈಗಿನ ಹುಡುಗ ಪಾಸ್ಟರ್‌ಗಳು ಅರ್ಧ ಇಂಗ್ಲಿಷ್, ಅರ್ಧ ಹಳೇ ಸತ್ಯವೇದದ (ಬೈಬಲಿನ) ಕನ್ನಡದಲ್ಲಿ ಪ್ರಸಂಗ ಮಾಡುತ್ತಾರೆ. ಮಳವಳ್ಳಿ, ಕೆ.ಆರ್. ಪೇಟೆ ಜನ ಮಾತಾಡುವ ಕನ್ನಡ ಎಲ್ಲಿ ಹೋಯಿತು? ಮೈಸೂರಲ್ಲೇ ಮುಕ್ತ ವಿಶ್ವವಿದ್ಯಾನಿಲಯ ಇದೆ. ಕನ್ನಡ ಎಂ.ಎ. ಮಾಡಲಿ. ಅದೂ ಪಾಸ್ಟರ್ ಓದೇ.

ಲೆಕ್ಕಪತ್ರ:
ಕೀಬೋರ್ಡ್ ಅಣ್ಣಾ, ಮೊದಲು ಪ್ರಸಂಗದ ಹಿಂದೆ ಕೀಬೋರ್ಡ್ ನುಡಿಸೋದು ನಿಲ್ಲಿಸಿ. ಆಮೇಲೆ ಯಾವ ಕನ್ನಡ ಅಂತ ಕೇಳಿಸುತ್ತೆ.

ಕೀಬೋರ್ಡ್:
ಅದು ವಾತಾವರಣಕ್ಕೆ ಸರ್!!

ಕಾವೇರಿದಡ:
ಎಲ್ಲರಿಗೂ ಧನ್ಯವಾದ. ನಿನ್ನೆ ಮತ್ತೆ ಮೀಟಿಂಗ್ ಇತ್ತು. ಸಿಸ್ಟರ್ ಬರೆದ ಆ ಬದುವಿನ ಕಥೆಯನ್ನು ಫೋನಲ್ಲಿ ತೆಗೆದು ಓದಿದೆ. ನಮ್ಮ ಕಮಿಟಿಯಲ್ಲಿ ಅರ್ಧ ಜನ ಗದ್ದೆಯವರು, ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಸರಿ, ಹೋಗಿ ಬರಲಿ. ಆದರೆ ಎರಡು ವರ್ಷ ಇಲ್ಲೇ ಇರುತ್ತೇನೆ ಎಂದು ಬಾಂಡ್ ಬರೆದುಕೊಡಲಿ" ಎಂದರು. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ! ಟ್ರಾನ್ಸ್‌ಫರ್ ಅವರ ಕೈಯಲ್ಲಿ ಇಲ್ಲದ ಮೇಲೆ ಬಾಂಡ್ ಏನು ಬರೆಯೋದು ಎಂದೆ. ಅದು ಅಲ್ಲಿಗೇ ಬಿತ್ತು.

ರಜೆಗೆ ಒಪ್ಪಿಗೆ ಆಯಿತು. ಭಾನುವಾರಗಳ ಪಟ್ಟಿ ಬಿಡಿಓದಿದವಳು ಅಕ್ಕ ಹೇಳಿದ ಹಾಗೇ ಮಾಡಿದ್ದೇವೆ. ಮಹಿಳಾ ಪ್ರಸಂಗಿಗೆ ಇಬ್ಬರು ಮುಖ ಸಿಂಡರಿಸಿದರು, ಇರಲಿ. ಫೀಸಿನ ಅರ್ಧ ಮಾತ್ರ ಮುಂದಿನ ಮೀಟಿಂಗ್‌ಗೆ ಹೋಗಿದೆ. ಅಯ್ಯನವರು ಕಾಯಲ್ಲ, ಅರ್ಜಿ ಹಾಕಿಬಿಟ್ಟಿದ್ದಾರೆ.

ಲೆಕ್ಕಪತ್ರ:
ಮುಂದಿನ ವರ್ಷದ ಬಜೆಟ್‌ಗೆ ನಮ್ಮ ಸಭೆಯಲ್ಲಿ "ಸಭಾಪಾಲಕರ ಓದು" ಎಂಬ ಸಾಲು ಹಾಕಿದ್ದೇನೆ. ಮೊತ್ತ ಸಣ್ಣದು, ಹೇಳಿದರೆ ನಗುತ್ತೀರಿ.

ಪಾಸ್ಟರಮ್ಮ:
ಸೋಮವಾರದ ರಜೆಗೆ ಸಾಲು ಬೇಕಿಲ್ಲ ಸರ್, ಗೇಟಿಗೆ ಒಂದು ಬೀಗ ಸಾಕು. ಅದನ್ನೂ ಮೀಟಿಂಗ್‌ನಲ್ಲಿ ಇಡಿ.

ಸಕ್ಕರೆನಾಡು:
ವಕೀಲರೇ, ಇನ್ನೂ ಇದ್ದೀರಾ? ನಮ್ಮ ಚಿಕ್ಕಪ್ಪನ ಮಗಳ ಮದುವೆ ಮುಂದಿನ ತಿಂಗಳು. ಮಾಡಿಸೋದು ಅದೇ ಫ್ಲೆಕ್ಸ್ ಡಾಕ್ಟರ್ ಪಾಸ್ಟರ್. ಈಗ ನಿಮ್ಮದು ಓದಿ ತಲೆ ಬಿಸಿ ಆಗಿದೆ.

ಕರಿಕೋಟು:
ಮದುವೆ ಮಾಡಿಸಲು ಲೈಸೆನ್ಸ್ ಇದೆಯಾ ಎಂದು ನೇರವಾಗಿ ಕೇಳಿ, ಕಾಪಿ ಕೇಳಿ. ಡಾಕ್ಟರೇಟ್ ಸರ್ಟಿಫಿಕೇಟ್ ತೋರಿಸಿದರೆ ಅದಲ್ಲ ಎನ್ನಿ. ಇಲ್ಲದಿದ್ದರೆ ಲೈಸೆನ್ಸ್ ಇರುವವರನ್ನು ಕರೆಸಿ, ಮದುವೆಯ ಪ್ರತಿಜ್ಞೆ ಅವರ ಮುಂದೆ ಆಗಲಿ, ರಿಜಿಸ್ಟರ್‌ನಲ್ಲಿ ಸಹಿ ಅವರದೇ ಇರಲಿ. ಇಬ್ಬರು ಸಾಕ್ಷಿ ಬೇಕು. ಹುಡುಗನಿಗೆ 21, ಹುಡುಗಿಗೆ 18 ಆಗಿರಬೇಕು. ನಿಮ್ಮ ಪಾಸ್ಟರ್ ಬೇಕಾದರೆ ಪ್ರಸಂಗ ಮಾಡಲಿ, ಅದಕ್ಕೆ ಲೈಸೆನ್ಸ್ ಬೇಡ.

ಸಕ್ಕರೆನಾಡು:
ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಕಾರ್ಡೂ ಅಚ್ಚಾಗಿದೆ. ಕಾರ್ಡಿನಲ್ಲಿ ಅವರ ಹೆಸರು "ಡಾ." ಸಮೇತ ಇದೆ.

ಕರಿಕೋಟು:
ಕಾರ್ಡ್ ಹಾಗೇ ಇರಲಿ. ಫೋನ್ ಮಾತ್ರ ಇವತ್ತೇ ಮಾಡಿ.